ಗಿಡಗಳಿರುವ ಅಕ್ವೇರಿಯಂ: ನೀರನ್ನು ಕಾಯುವುದು, ಪಾಚಿಯನ್ನು ಹದ್ದುಬಸ್ತಿನಲ್ಲಿಡುವುದು

ಗಿಡ ನೆಟ್ಟ ಅಕ್ವೇರಿಯಂನಲ್ಲಿ ಪಾಚಿ ಕಾಣಿಸಿಕೊಂಡ ಕೂಡಲೇ ಹೆಚ್ಚಿನವರು ಮಾಡುವ ಮೊದಲ ಕೆಲಸ ಗೊಬ್ಬರ ನಿಲ್ಲಿಸುವುದು. ನೀರಿನಲ್ಲಿ ಪೋಷಕಾಂಶ ಹೆಚ್ಚಾದದ್ದರಿಂದಲೇ ಪಾಚಿ ಬಂದಿದೆ, ಅದನ್ನು ಉಪವಾಸ ಕೆಡವಿದರೆ ತಾನಾಗಿ ಸಾಯುತ್ತದೆ ಎಂಬುದು ಇದರ ಹಿಂದಿನ ತರ್ಕ. ಕೇಳಲು ಸರಿಯೆನಿಸಿದರೂ ತೊಟ್ಟಿಯೊಳಗೆ ಈ ತರ್ಕ ನಡೆಯುವುದಿಲ್ಲ. ಪಾಚಿಗೆ ಬೇಕಾಗುವ ಸಾರಜನಕ ಮತ್ತು ರಂಜಕದ ಪ್ರಮಾಣ ತೀರಾ ಅಲ್ಪ. ಮೀನಿನ ಮಲ ಮತ್ತು ತಿಂದುಳಿದ ಆಹಾರದಿಂದಲೇ ಅದರ ಹೊಟ್ಟೆ ತುಂಬುತ್ತದೆ. ಗೊಬ್ಬರ ನಿಂತಾಗ ಮೊದಲು ಸೊರಗುವುದು ಗಿಡಗಳೇ. ಸೊರಗಿದ ಗಿಡದ ಹಳೆಯ ಎಲೆಗಳು ಕೊಳೆಯುತ್ತಾ ಸಾವಯವ ಕಸವನ್ನೂ ಅಮೋನಿಯಾವನ್ನೂ ನೀರಿಗೆ ಬಿಡುತ್ತವೆ, ಆ ಎಲೆಗಳ ಮೇಲೆಯೇ ಪಾಚಿ ನೆಲೆಯೂರುತ್ತದೆ. ಆದ್ದರಿಂದ ಈ ಬರಹದಲ್ಲಿ ಹೇಳುವ ಪ್ರತಿಯೊಂದು ಕ್ರಮದ ಗುರಿಯೂ ಒಂದೇ: ಗಿಡ ಎಡೆಬಿಡದೆ ಬೆಳೆಯುವಂತೆ ನೋಡಿಕೊಳ್ಳುವುದು. ಪಾಚಿಯನ್ನು ನೇರವಾಗಿ ಕೊಲ್ಲುವ ಉಪಾಯಗಳು ಇವೆ, ಅವನ್ನೂ ಹೇಳುತ್ತೇನೆ. ಆದರೆ ಬೆಳವಣಿಗೆ ನಿಂತಿರುವ ತೊಟ್ಟಿಯಲ್ಲಿ ಅವುಗಳ ಫಲ ಹೆಚ್ಚು ದಿನ ಉಳಿಯುವುದಿಲ್ಲ.

ಹೊಸ ತೊಟ್ಟಿಯ ಮೊದಲ ವಾರಗಳು

ಮೀನಿನ ಮಲ, ಕೊಳೆತ ಎಲೆ ಮತ್ತು ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಗುಂಪಿನ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ ಇನ್ನೊಂದು ಗುಂಪು ಆ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಪರಿವರ್ತಿಸುತ್ತವೆ. ಮೊದಲ ಎರಡೂ ಮೀನಿಗೆ ವಿಷ. ನೈಟ್ರೇಟ್ ಮಾತ್ರ ಸಾಧಾರಣ ಪ್ರಮಾಣದಲ್ಲಿ ನಿರುಪದ್ರವಿ, ಗಿಡಕ್ಕಂತೂ ಆಹಾರ. ಈ ಬ್ಯಾಕ್ಟೀರಿಯಾಗಳು ಫಿಲ್ಟರಿನ ಸ್ಪಂಜಿನಲ್ಲಿ ಮತ್ತು ತಳದ ಮಣ್ಣಿನಲ್ಲಿ ಸಾಕಷ್ಟು ಸಂಖ್ಯೆಗೆ ಬೆಳೆಯಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಚೆನ್ನಾಗಿ ನಡೆಯುತ್ತಿರುವ ಬೇರೊಂದು ತೊಟ್ಟಿಯ ಬಳಸಿದ ಸ್ಪಂಜನ್ನು ತಂದು ಹೊಸ ಫಿಲ್ಟರಿನೊಳಗೆ ಇಟ್ಟರೆ ಈ ಅವಧಿ ಗಣನೀಯವಾಗಿ ಕಡಿಮೆಯಾಗುತ್ತದೆ.

ಅಮೋನಿಯಾದ ವಿಷವು ನೀರಿನ ಪಿಎಚ್ ಅನ್ನು, ಅಂದರೆ ನೀರು ಎಷ್ಟು ಆಮ್ಲೀಯ ಅಥವಾ ಕ್ಷಾರೀಯ ಎಂಬುದರ ಅಳತೆಯನ್ನು, ಅವಲಂಬಿಸಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಪಿಎಚ್ 7 ಇದ್ದಾಗ ಒಟ್ಟು ಅಮೋನಿಯಾದಲ್ಲಿ ವಿಷರೂಪದ ಪಾಲು ಸುಮಾರು ಶೇ 0.6 ಮಾತ್ರ, ಪಿಎಚ್ 8 ಆದರೆ ಅದು ಶೇ 5ನ್ನು ದಾಟುತ್ತದೆ. ಪರೀಕ್ಷೆಯಲ್ಲಿ ಅದೇ ಅಂಕಿ ಕಂಡರೂ ಒಂದು ತೊಟ್ಟಿಯಲ್ಲಿ ಮೀನು ಆರಾಮವಾಗಿದ್ದು ಇನ್ನೊಂದರಲ್ಲಿ ಮೇಲ್ಮೈಗೆ ಬಂದು ಬಾಯಿ ತೆರೆಯುವುದಕ್ಕೆ ಇದೇ ಕಾರಣ.

ಪೋಷಕಾಂಶ ತುಂಬಿದ ಅಕ್ವೇರಿಯಂ ಮಣ್ಣನ್ನು ತಳಕ್ಕೆ ಹಾಕಿದ್ದರೆ ಅದು ಮೊದಲ ಕೆಲವು ವಾರ ತಾನೇ ಅಮೋನಿಯಾ ಬಿಡುತ್ತದೆ. ಆಗ ಮೀನು ಬಿಡದೆ, ಎರಡು ದಿನಕ್ಕೊಮ್ಮೆ ಅರ್ಧದಷ್ಟು ನೀರು ಬದಲಾಯಿಸುತ್ತಾ ಕಾಯುವುದು ಒಳ್ಳೆಯದು. ಗಿಡಗಳನ್ನು ಮಾತ್ರ ಮೊದಲ ದಿನವೇ ಒತ್ತೊತ್ತಾಗಿ ನೆಡಬೇಕು. ಹೈಗ್ರೋಫಿಲಾ, ವ್ಯಾಲಿಸ್ನೇರಿಯಾ, ಹಾರ್ನ್‌ವರ್ಟ್‌ನಂತಹ ಬೇಗ ಬೆಳೆಯುವ ಗಿಡಗಳು ಅಮೋನಿಯಾವನ್ನು ನೇರವಾಗಿ ಹೀರಿಕೊಳ್ಳುತ್ತವೆ. ನಿಮಗೆ ಅವುಗಳ ರೂಪ ಇಷ್ಟವಿಲ್ಲದಿದ್ದರೂ ಆರಂಭದ ಎರಡು ತಿಂಗಳು ಇಟ್ಟುಕೊಂಡು ಆಮೇಲೆ ತೆಗೆಯಬಹುದು. ಅಂಗಡಿಯಿಂದ ಬರುವ ಗಿಡಗಳಲ್ಲಿ ಬಹುಪಾಲು ನೀರಿನ ಹೊರಗೆ, ತೇವದ ಗಾಳಿಯಲ್ಲಿ ಬೆಳೆದವು. ಆ ಎಲೆಗಳು ನೀರಿನೊಳಗೆ ಬಾಳುವುದಿಲ್ಲ, ಉದುರುತ್ತವೆ. ಕ್ರಿಪ್ಟೊಕೊರಿನ್ ಗಿಡವಂತೂ ಪೂರ್ತಿ ಕರಗಿಹೋದಂತೆ ಕಂಡು, ಬೇರಿನಿಂದ ಮತ್ತೆ ಚಿಗುರುತ್ತದೆ. ಕರಗುತ್ತಿರುವ ಎಲೆಗಳನ್ನು ಕತ್ತರಿಸಿ ಹೊರಹಾಕಬೇಕು, ಬೇರನ್ನು ಕೀಳಬಾರದು.

ನಲ್ಲಿಯ ನೀರು, ಗಡಸುತನ ಮತ್ತು ಅಳತೆ

ನಲ್ಲಿಯ ನೀರಿನಲ್ಲಿ ಕ್ಲೋರಿನ್ ಇದ್ದರೆ ಅದು ಮೀನಿನ ಕಿವಿರನ್ನೂ ಫಿಲ್ಟರಿನ ಬ್ಯಾಕ್ಟೀರಿಯಾವನ್ನೂ ಒಟ್ಟಿಗೆ ಕೆಡಿಸುತ್ತದೆ. ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟರೆ ಕ್ಲೋರಿನ್ ಹೋಗುತ್ತದೆ ಎಂಬ ಮಾತು ನಿಜವಾದರೂ, ಕೆಲವು ಕಡೆ ಅದರ ಬದಲು ಬಳಸುವ ಕ್ಲೋರಮೈನ್ ಹಾಗೆ ಸುಲಭವಾಗಿ ಹಾರಿಹೋಗುವುದಿಲ್ಲ. ಆದ್ದರಿಂದ ಕ್ಲೋರಿನ್ ನಿವಾರಕ ದ್ರಾವಣವನ್ನು ಪ್ರತಿ ಬಾರಿಯೂ ಬಳಸುವುದೇ ಕ್ಷೇಮ.

ನೀರಿನ ಗಡಸುತನವನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಜಿಎಚ್ ಎಂದರೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂನ ಪ್ರಮಾಣ. ಕೆಎಚ್ ಎಂದರೆ ಪಿಎಚ್ ಏಕಾಏಕಿ ಕುಸಿಯದಂತೆ ತಡೆಯುವ ಬೈಕಾರ್ಬನೇಟಿನ ಪ್ರಮಾಣ. ಒಂದು ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.9 ಮಿಲಿಗ್ರಾಂ ಕ್ಯಾಲ್ಸಿಯಂ ಕಾರ್ಬನೇಟಿಗೆ ಸಮ. ಜಿಎಚ್ 4ರಿಂದ 8, ಕೆಎಚ್ 2ರಿಂದ 6 ಇದ್ದರೆ ಬಹುತೇಕ ಗಿಡಗಳು ಚೆನ್ನಾಗಿ ಬೆಳೆಯುತ್ತವೆ. ಇದಕ್ಕಿಂತ ಗಡಸಾದ ನೀರಿನಲ್ಲಿಯೂ ವ್ಯಾಲಿಸ್ನೇರಿಯಾ, ಆನುಬಿಯಾಸ್, ಜಾವಾ ಫರ್ನ್ ತಕರಾರಿಲ್ಲದೆ ಬದುಕುತ್ತವೆ. ಪಿಎಚ್ ಇಳಿಸುವ ರಾಸಾಯನಿಕಗಳ ಗೋಜಿಗೆ ಹೋಗದಿರುವುದೇ ಲೇಸು, ಏಕೆಂದರೆ ಕೆಎಚ್ ಇರುವವರೆಗೆ ಪಿಎಚ್ ಮರುದಿನ ಮತ್ತೆ ಏರಿರುತ್ತದೆ, ಆ ಏರಿಳಿತವೇ ಮೀನಿಗೆ ಹೆಚ್ಚು ಕಷ್ಟ.

ಅಳತೆಗೆ ಕಾಗದದ ಪಟ್ಟಿಗಿಂತ ಹನಿ ಹಾಕುವ ಟೆಸ್ಟ್ ಕಿಟ್ ಮೇಲು. ಇಲ್ಲೊಂದು ಸಣ್ಣ ಎಚ್ಚರಿಕೆ ಇದೆ. ಹಲವು ನೈಟ್ರೇಟ್ ಕಿಟ್‌ಗಳ ಎರಡನೆಯ ಬಾಟಲಿಯಲ್ಲಿರುವ ದ್ರಾವಣದಲ್ಲಿ ಕರಗದ ಪುಡಿ ತಳಕ್ಕೆ ಗಟ್ಟಿಯಾಗಿ ಕೂತಿರುತ್ತದೆ. ಬಾಟಲಿಯನ್ನು ಮೇಜಿನ ಅಂಚಿಗೆ ತಟ್ಟಿ, ಅರ್ಧ ನಿಮಿಷ ಬಲವಾಗಿ ಅಲುಗಿಸಿ, ಆಮೇಲೆ ಹನಿ ಹಾಕಬೇಕು. ಹನಿ ಬಿದ್ದ ಕೊಳವೆಯನ್ನೂ ಮತ್ತೊಂದು ನಿಮಿಷ ಅಲುಗಿಸಬೇಕು. ಹೀಗೆ ಮಾಡದಿದ್ದರೆ ಲೀಟರಿಗೆ 40 ಮಿಲಿಗ್ರಾಂ ಇರಬೇಕಾದ ನೈಟ್ರೇಟ್ 5 ಎಂದು ತೋರಬಹುದು, ಆ ಸುಳ್ಳು ಅಂಕಿಯನ್ನು ನಂಬಿ ತೊಟ್ಟಿಗೆ ಇನ್ನಷ್ಟು ಗೊಬ್ಬರ ಸುರಿಯುವುದು ಆಗುತ್ತದೆ.

ಬೆಳಕು ಮತ್ತು ಇಂಗಾಲ

ಪಾಚಿಯ ಸಮಸ್ಯೆಗಳಲ್ಲಿ ದೊಡ್ಡ ಪಾಲು ಬೆಳಕಿನಿಂದ ಶುರುವಾಗುತ್ತದೆ. ಗಿಡ ಎಷ್ಟು ವೇಗವಾಗಿ ಬೆಳೆಯಬೇಕು ಎಂಬುದನ್ನು ನಿರ್ಧರಿಸುವುದು ಬೆಳಕು. ಆ ವೇಗಕ್ಕೆ ತಕ್ಕ ಇಂಗಾಲದ ಡೈಆಕ್ಸೈಡ್ ಮತ್ತು ಗೊಬ್ಬರ ಸಿಗದಿದ್ದರೆ ಗಿಡ ಸೋಲುತ್ತದೆ, ಪಾಚಿ ಗೆಲ್ಲುತ್ತದೆ. ಹೆಚ್ಚು ಪ್ರಖರವಾದ ದೀಪ ಕೊಂಡವರಿಗೇ ಪಾಚಿಯ ಕಾಟ ಹೆಚ್ಚು ಎಂಬುದರಲ್ಲಿ ಆಶ್ಚರ್ಯವಿಲ್ಲ. ಹೊಸ ತೊಟ್ಟಿಗೆ ದಿನಕ್ಕೆ 6 ಗಂಟೆ ಬೆಳಕು ಸಾಕು. ಗಿಡ ಬೇರೂರಿದ ಮೇಲೆ 8 ಗಂಟೆಗೆ ಏರಿಸಬಹುದು. ಅದಕ್ಕಿಂತ ಹೆಚ್ಚು ಹೊತ್ತು ಉರಿಸುವುದರಿಂದ ಗಿಡಕ್ಕೆ ಲಾಭವಿಲ್ಲ. ದೀಪವನ್ನು ಕೈಯಿಂದ ಹಾಕಿ ಆರಿಸುವ ಬದಲು ಟೈಮರಿಗೆ ಜೋಡಿಸಬೇಕು. ದೀಪದ ಪ್ರಖರತೆ ಕಡಿಮೆ ಮಾಡುವ ಸೌಲಭ್ಯ ಇಲ್ಲದಿದ್ದರೆ ಅದನ್ನು ಹತ್ತಿಪ್ಪತ್ತು ಸೆಂಟಿಮೀಟರ್ ಮೇಲಕ್ಕೆ ಎತ್ತಿ ಕಟ್ಟಿದರೂ ಆಗುತ್ತದೆ, ನೀರಿನ ಮೇಲೆ ತೇಲುವ ಗಿಡಗಳನ್ನು ಬಿಟ್ಟರೂ ಆಗುತ್ತದೆ. ಕಿಟಕಿಯ ನೇರ ಬಿಸಿಲು ಬೀಳುವ ಜಾಗದಲ್ಲಿ ತೊಟ್ಟಿ ಇಡಬಾರದು.

ಇಂಗಾಲದ ಡೈಆಕ್ಸೈಡ್ ನೀರಿನಲ್ಲಿ ಹರಡುವ ವೇಗ ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಎಲೆಯ ಸುತ್ತ ನೀರು ಚಲಿಸದೆ ನಿಂತಿದ್ದರೆ, ತೊಟ್ಟಿಯಲ್ಲಿ ಸಾಕಷ್ಟು ಅನಿಲ ಇದ್ದರೂ ಆ ಎಲೆ ಹಸಿದೇ ಇರುತ್ತದೆ. ಫಿಲ್ಟರಿನ ಹರಿವು ತೊಟ್ಟಿಯ ಮೂಲೆ ಮೂಲೆಗೂ ತಲುಪಿ ಎಲ್ಲ ಎಲೆಗಳೂ ಮೆಲ್ಲಗೆ ಅಲುಗಾಡುತ್ತಿರಬೇಕು. ಗಂಟೆಗೆ ತೊಟ್ಟಿಯ ಗಾತ್ರದ 5ರಿಂದ 10 ಪಟ್ಟು ನೀರು ಹಾಯುವ ಫಿಲ್ಟರ್ ಇದ್ದರೆ ಇದು ಸಾಧ್ಯವಾಗುತ್ತದೆ.

ಸಿಲಿಂಡರಿನಿಂದ ಇಂಗಾಲದ ಡೈಆಕ್ಸೈಡ್ ಕೊಡುವವರು ಲೀಟರಿಗೆ 20ರಿಂದ 30 ಮಿಲಿಗ್ರಾಂ ಗುರಿಯಾಗಿಟ್ಟುಕೊಳ್ಳುವುದು ವಾಡಿಕೆ. ಅನಿಲವನ್ನು ದೀಪ ಹತ್ತುವ ಒಂದೆರಡು ಗಂಟೆ ಮೊದಲೇ ಶುರುಮಾಡಿ, ದೀಪ ಆರುವ ಸುಮಾರು ಒಂದು ಗಂಟೆ ಮೊದಲು ನಿಲ್ಲಿಸಬೇಕು. ಬೆಳಕು ಬಿದ್ದ ಕ್ಷಣದಲ್ಲೇ ಗಿಡಕ್ಕೆ ಇಂಗಾಲ ಸಿದ್ಧವಾಗಿರಬೇಕು ಎಂಬುದು ಇದರ ಉದ್ದೇಶ. ಪ್ರಮಾಣ ತಿಳಿಯಲು ಡ್ರಾಪ್ ಚೆಕರ್ ಎಂಬ ಚಿಕ್ಕ ಗಾಜಿನ ಬುರುಡೆಯನ್ನು ತೊಟ್ಟಿಯೊಳಗೆ ಅಂಟಿಸುತ್ತಾರೆ. ಅದರಲ್ಲಿರುವ 4 ಡಿಗ್ರಿ ಕೆಎಚ್‌ನ ದ್ರಾವಣ ನೀಲಿಯಾಗಿದ್ದರೆ ಅನಿಲ ಸಾಲದು, ಹಸಿರಾಗಿದ್ದರೆ ಸುಮಾರು 30 ಮಿಲಿಗ್ರಾಂ, ಹಳದಿಯಾದರೆ ಅತಿಯಾಯಿತು. ಅದರ ಬಣ್ಣ ಬದಲಾಗಲು ಒಂದೆರಡು ಗಂಟೆ ಹಿಡಿಯುತ್ತದೆ, ಅಂದರೆ ಅದು ಹೇಳುವುದು ಈಗಿನ ಸ್ಥಿತಿಯನ್ನಲ್ಲ. ಪ್ರಮಾಣ ಏರಿಸುವ ದಿನ ಮನೆಯಲ್ಲೇ ಇದ್ದು ಮೀನುಗಳನ್ನು ನೋಡಬೇಕು. ಅವು ಮೇಲ್ಮೈಗೆ ಬಂದು ಏದುಸಿರು ಬಿಟ್ಟರೆ ಬುರುಡೆಯ ಬಣ್ಣ ಏನೇ ಇರಲಿ, ಅನಿಲ ನಿಲ್ಲಿಸಿ ಗಾಳಿಯ ಪಂಪು ಹಾಕಬೇಕು.

ಸಿಲಿಂಡರ್ ಇಲ್ಲದೆಯೂ ಸುಂದರವಾದ ತೊಟ್ಟಿ ಸಾಧ್ಯ. ಆಗ ಬೆಳಕನ್ನು ಮಂದವಾಗಿಟ್ಟು, ನಿಧಾನವಾಗಿ ಬೆಳೆಯುವ ಆನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರಿನ್ ಮತ್ತು ಮಾಸ್ ಎಂದು ಕರೆಯುವ, ಪಾಚಿಯ ಜಾತಿಗೆ ಸೇರದ ಹಾವಸೆ ಗಿಡಗಳನ್ನು ಆರಿಸಿಕೊಳ್ಳಬೇಕು. ಹೊಸಬರಿಗೆ ನಾನು ಸೂಚಿಸುವುದು ಇದನ್ನೇ. ಪ್ರಖರ ಬೆಳಕು ಹಾಕಿ ಇಂಗಾಲ ಕೊಡದಿರುವುದು ಎಲ್ಲಕ್ಕಿಂತ ಕೆಟ್ಟ ಜೋಡಣೆ.

ಗೊಬ್ಬರದ ಲೆಕ್ಕ

ಅಮೆರಿಕದ ಜಲಸಸ್ಯ ತಜ್ಞ ಟಾಮ್ ಬಾರ್ ಪ್ರಚಾರಕ್ಕೆ ತಂದ ಎಸ್ಟಿಮೇಟಿವ್ ಇಂಡೆಕ್ಸ್ ಎಂಬ ಪದ್ಧತಿ ಗೊಬ್ಬರದ ಬಗೆಗಿನ ಭಯವನ್ನು ಬಹಳ ಮಟ್ಟಿಗೆ ಕಳೆಯಿತು. ಗಿಡಕ್ಕೆ ಯಾವುದೂ ಕೊರತೆಯಾಗದಂತೆ ಸ್ವಲ್ಪ ಹೆಚ್ಚಾಗಿಯೇ ಗೊಬ್ಬರ ಹಾಕುವುದು, ವಾರಕ್ಕೊಮ್ಮೆ ಅರ್ಧ ನೀರು ಬದಲಾಯಿಸಿ ಹೆಚ್ಚಾದದ್ದನ್ನು ಹೊರಹಾಕುವುದು, ಇಷ್ಟೇ ಅದರ ತಿರುಳು. ಇದರ ಗಣಿತ ಸರಳವಾಗಿದೆ. ವಾರಕ್ಕೆ ಲೀಟರಿಗೆ 10 ಮಿಲಿಗ್ರಾಂನಂತೆ ನೈಟ್ರೇಟ್ ಸೇರಿಸಿ, ಗಿಡಗಳು ಒಂದು ಚೂರೂ ಹೀರಿಕೊಳ್ಳಲಿಲ್ಲ ಎಂದೇ ಇಟ್ಟುಕೊಳ್ಳೋಣ. ಮೊದಲ ವಾರದ ಕೊನೆಗೆ 10, ನೀರು ಬದಲಾಯಿಸಿದಾಗ 5. ಮುಂದಿನ ವಾರ 15, ಆಮೇಲೆ 17.5. ಹೀಗೆ ಎಷ್ಟು ವಾರ ನಡೆದರೂ ಅದು 20ನ್ನು ದಾಟುವುದಿಲ್ಲ. ಆ ಮಟ್ಟ ಮೀನಿಗೂ ಸೀಗಡಿಗೂ ತೊಂದರೆ ಕೊಡುವಂಥದ್ದಲ್ಲ. ಮೀನಿನ ಆಹಾರದಿಂದ ಹುಟ್ಟುವ ನೈಟ್ರೇಟ್ ಇದಕ್ಕೆ ಸೇರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು.

ಪುಡಿ ಗೊಬ್ಬರ ಬಳಸುವವರಿಗೆ ಎರಡು ಅಂಕಿಗಳು ಸಾಕು. 100 ಲೀಟರ್ ನೀರಿಗೆ 1.6 ಗ್ರಾಂ ಪೊಟ್ಯಾಸಿಯಂ ನೈಟ್ರೇಟ್ ಹಾಕಿದರೆ ನೈಟ್ರೇಟ್ ಲೀಟರಿಗೆ ಸುಮಾರು 10 ಮಿಲಿಗ್ರಾಂ ಏರುತ್ತದೆ, ಜೊತೆಗೆ 6 ಮಿಲಿಗ್ರಾಂ ಪೊಟ್ಯಾಸಿಯಂ ಕೂಡ ಸಿಗುತ್ತದೆ. ಅಷ್ಟೇ ನೀರಿಗೆ 0.14 ಗ್ರಾಂ ಮೊನೊಪೊಟ್ಯಾಸಿಯಂ ಫಾಸ್ಫೇಟ್ ಹಾಕಿದರೆ ಫಾಸ್ಫೇಟ್ 1 ಮಿಲಿಗ್ರಾಂ ಏರುತ್ತದೆ. ಕಬ್ಬಿಣ ಮೊದಲಾದ ಸೂಕ್ಷ್ಮ ಪೋಷಕಗಳ ಮಿಶ್ರಣವನ್ನು ಬೇರೆ ದಿನ ಕೊಡುವುದು ರೂಢಿ, ಏಕೆಂದರೆ ಫಾಸ್ಫೇಟಿನ ಜೊತೆ ಕಬ್ಬಿಣ ಕೂಡಿ ಗಿಡಕ್ಕೆ ದಕ್ಕದಂತಾಗಬಹುದು. ಸಿಲಿಂಡರ್ ಇಲ್ಲದ ಮಂದ ಬೆಳಕಿನ ತೊಟ್ಟಿಗೆ ಇದರ ಮೂರರಲ್ಲಿ ಒಂದು ಪಾಲು ಸಾಕಾಗುತ್ತದೆ.

ಯಾವುದು ಕಡಿಮೆಯಾಗಿದೆ ಎಂಬುದನ್ನು ಎಲೆಯೇ ಹೇಳುತ್ತದೆ. ಕೆಳಗಿನ ಹಳೆಯ ಎಲೆಗಳು ಒಟ್ಟಾರೆ ಹಳದಿಯಾದರೆ ಸಾರಜನಕ ಸಾಲದು. ಹಳೆಯ ಎಲೆಗಳಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದು ಅಂಚು ಹಳದಿಯಾದರೆ ಪೊಟ್ಯಾಸಿಯಂ ಸಾಲದು. ಹೊಸ ಕುಡಿ ಬಿಳಿಚಿಕೊಂಡು ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಗಿಡವು ಸಾರಜನಕ, ಪೊಟ್ಯಾಸಿಯಂಗಳನ್ನು ಹಳೆಯ ಎಲೆಯಿಂದ ಹೊಸ ಎಲೆಗೆ ಸಾಗಿಸಬಲ್ಲದು, ಕಬ್ಬಿಣವನ್ನು ಸಾಗಿಸಲಾರದು. ಆದ್ದರಿಂದಲೇ ಕೊರತೆ ಬೇರೆ ಬೇರೆ ಕಡೆ ಕಾಣುತ್ತದೆ. ತಿದ್ದುಪಡಿ ಫಲಿಸಿತೇ ಎಂದು ತಿಳಿಯಲು ಹಳೆಯ ಎಲೆಯನ್ನು ನೋಡಿ ಪ್ರಯೋಜನವಿಲ್ಲ, ಕೆಟ್ಟ ಎಲೆ ಮತ್ತೆ ಸರಿಹೋಗದು. ಹೊಸದಾಗಿ ಬಂದ ಎಲೆಯನ್ನೇ ನೋಡಬೇಕು. ಒಮ್ಮೆಗೆ ಒಂದನ್ನು ಮಾತ್ರ ಬದಲಾಯಿಸಿ ಎರಡು ಮೂರು ವಾರ ಕಾಯಬೇಕು, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದೇ ಇಲ್ಲ.

ವಾರದ ಕೆಲಸ

ವಾರಕ್ಕೊಮ್ಮೆ ಗಾಜು ಒರೆಸಿ, ಕೊಳೆತ ಎಲೆ ಕತ್ತರಿಸಿ, ತಳದ ಮೇಲಿನ ಕಸವನ್ನು ಕೊಳವೆಯಿಂದ ಎಳೆದು, ಮೂರನೇ ಒಂದರಿಂದ ಅರ್ಧದವರೆಗೆ ನೀರು ಬದಲಾಯಿಸಬೇಕು. ಈ ಅನುಕ್ರಮ ಮುಖ್ಯ: ಮೊದಲು ಒರೆಸಿ ಕತ್ತರಿಸಿದರೆ ಎದ್ದ ಕಸವೆಲ್ಲ ಹೊರಹೋಗುವ ನೀರಿನೊಂದಿಗೆ ಹೋಗುತ್ತದೆ. ಹೊಸ ನೀರಿನ ಉಷ್ಣತೆ ತೊಟ್ಟಿಯ ನೀರಿಗೆ ಹತ್ತಿರವಾಗಿರಲಿ. ಫಿಲ್ಟರಿನ ಸ್ಪಂಜನ್ನು ಹರಿವು ಕಡಿಮೆಯಾದಾಗ ಮಾತ್ರ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ ತೊಳೆಯಬೇಕು. ನಲ್ಲಿಯ ಕೆಳಗೆ ಹಿಡಿದು ಬೆಳ್ಳಗೆ ತೊಳೆದರೆ ವಾರಗಟ್ಟಲೆ ಬೆಳೆಸಿದ ಬ್ಯಾಕ್ಟೀರಿಯಾ ಹೋಗುತ್ತದೆ. ಮೀನಿಗೆ ಹಾಕಿದ ಆಹಾರ ಒಂದೆರಡು ನಿಮಿಷದಲ್ಲಿ ಮುಗಿಯುವಷ್ಟೇ ಇರಬೇಕು.

ಪಾಚಿಯನ್ನು ಗುರುತಿಸಿ ಎದುರಿಸುವುದು

ಹೊಸ ತೊಟ್ಟಿಯಲ್ಲಿ ಎಲ್ಲೆಡೆ ಕೂರುವ ಕಂದು ಧೂಳಿನಂತಹ ಲೇಪ ಡಯಾಟಮ್. ಬೆರಳಿನಿಂದ ಒರೆಸಿದರೆ ಹೋಗುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೂ ಹೋಗುತ್ತದೆ. ಅದಕ್ಕಾಗಿ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಗಾಜಿನ ಮೇಲೆ ಮತ್ತು ಆನುಬಿಯಾಸ್ ಎಲೆಗಳ ಮೇಲೆ ಗಟ್ಟಿಯಾದ ಹಸಿರು ಚುಕ್ಕೆಗಳು ಮೂಡಿದರೆ ಬಹುತೇಕ ಬೆಳಕು ಹೆಚ್ಚಾಗಿದೆ ಅಥವಾ ಫಾಸ್ಫೇಟ್ ಸಾಲದಾಗಿದೆ. ಗೊಬ್ಬರ ಹೆಚ್ಚಿಸಿದರೆ ಪಾಚಿ ಕಡಿಮೆಯಾಗುವ ನೇರ ಉದಾಹರಣೆ ಇದು. ಗಾಜಿನ ಮೇಲಿನದನ್ನು ಬ್ಲೇಡಿನಿಂದ ಕೆರೆಯಬೇಕು, ಬಟ್ಟೆಗೆ ಅದು ಬಗ್ಗುವುದಿಲ್ಲ.

ಕೂದಲಿನಂತೆ ಉದ್ದಕ್ಕೆ ಬೆಳೆಯುವ ಹಸಿರು ಎಳೆಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸುತ್ತಿ ಎಳೆದು ತೆಗೆಯುವುದು ಮೊದಲ ಕೆಲಸ. ಆಮೇಲೆ ಬೆಳಕಿನ ಅವಧಿ ತಗ್ಗಿಸಿ, ಇಂಗಾಲ ಮತ್ತು ಹರಿವು ಸರಿಯಿದೆಯೇ ನೋಡಬೇಕು. ಇದರಲ್ಲಿ ಕ್ಲ್ಯಾಡೊಫೋರಾ ಎಂಬ ಒರಟು ಜಾತಿ ಸೇರಿಕೊಂಡರೆ ಒಂದು ತುಣುಕೂ ಬಿಡದೆ ಕೈಯಿಂದ ಆರಿಸುವುದೇ ದಾರಿ.

ನೀರೇ ಹಸಿರಾದರೆ ಅದು ತೇಲುವ ಏಕಕೋಶ ಪಾಚಿ. ಎಷ್ಟು ನೀರು ಬದಲಾಯಿಸಿದರೂ ಎರಡು ದಿನದಲ್ಲಿ ಮತ್ತೆ ಹಾಗೆಯೇ ಆಗುತ್ತದೆ. ಫಿಲ್ಟರಿನ ದಾರಿಯಲ್ಲಿ ಯುವಿ ದೀಪ ಅಳವಡಿಸಿದರೆ ಕೆಲವೇ ದಿನಗಳಲ್ಲಿ ತಿಳಿಯಾಗುತ್ತದೆ; ಅದಿಲ್ಲದವರು ತೊಟ್ಟಿಯನ್ನು ಮೂರು ನಾಲ್ಕು ದಿನ ದಪ್ಪ ಬಟ್ಟೆಯಿಂದ ಮುಚ್ಚಿ ಕತ್ತಲಾಗಿಸಬಹುದು. ಕತ್ತಲಲ್ಲಿ ಗಿಡವೂ ಆಮ್ಲಜನಕ ಬಳಸುವುದರಿಂದ ಆ ದಿನಗಳಲ್ಲಿ ಇಂಗಾಲದ ಅನಿಲ ನಿಲ್ಲಿಸಿ ಗಾಳಿಯ ಪಂಪು ಹಾಕಿರಬೇಕು.

ನೀಲಿ ಹಸಿರು ಬಣ್ಣದ, ಹಾಳೆಯಂತೆ ಎದ್ದು ಬರುವ, ಕೆಟ್ಟ ವಾಸನೆಯ ಲೋಳೆ ಪಾಚಿಯೇ ಅಲ್ಲ, ಅದು ಸಯನೋಬ್ಯಾಕ್ಟೀರಿಯಾ. ಹರಿವು ತಲುಪದ ಮೂಲೆಯಲ್ಲಿ, ಕಸ ತುಂಬಿದ ತಳದಲ್ಲಿ, ನೈಟ್ರೇಟ್ ತೀರಾ ಕುಸಿದ ತೊಟ್ಟಿಯಲ್ಲಿ ಇದು ಹೆಚ್ಚು. ಕೊಳವೆಯಿಂದ ಎಳೆದು ತೆಗೆದು, ಮೂರು ದಿನ ಕತ್ತಲಾಗಿಸಿ, ಅರ್ಧ ನೀರು ಬದಲಾಯಿಸಿ, ನೈಟ್ರೇಟನ್ನು 10ರಿಂದ 20ರ ನಡುವೆ ನಿಲ್ಲಿಸಿದರೆ ಸಾಮಾನ್ಯವಾಗಿ ಹೋಗುತ್ತದೆ. ಇದಕ್ಕೆ ಎರಿತ್ರೋಮೈಸಿನ್ ಮಾತ್ರೆ ಹಾಕುವವರಿದ್ದಾರೆ; ಚೊಕ್ಕಟ ಮಾಡಿದರೆ ಹೋಗುವ ಲೋಳೆಗೆ ಆ್ಯಂಟಿಬಯೋಟಿಕ್ ಸುರಿಯುವುದು ನನಗೆ ಒಪ್ಪಿಗೆಯಿಲ್ಲ.

ಎಲ್ಲಕ್ಕಿಂತ ಹಠಮಾರಿ ಕಪ್ಪು ಗಡ್ಡದ ಪಾಚಿ. ಎಲೆಯ ಅಂಚಿನಲ್ಲಿ, ಮರದ ತುಂಡಿನ ಮೇಲೆ, ಫಿಲ್ಟರಿನ ಬಾಯಿಯಲ್ಲಿ ಬೂದು ಕಪ್ಪು ಬಣ್ಣದ ಕುಚ್ಚುಗಳಾಗಿ ಬೆಳೆಯುವ ಇದು ವಾಸ್ತವವಾಗಿ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು. ಇಂಗಾಲದ ಪ್ರಮಾಣ ದಿನದಿನಕ್ಕೆ ಏರಿಳಿಯುವ, ಸಾವಯವ ಕಸ ಸೇರಿರುವ ತೊಟ್ಟಿಗಳಲ್ಲಿ ಇದು ಬೇರು ಬಿಡುತ್ತದೆ. ಚಿಕಿತ್ಸೆಗೆ ಔಷಧಿ ಅಂಗಡಿಯ ಶೇ 3ರ ಹೈಡ್ರೋಜನ್ ಪೆರಾಕ್ಸೈಡ್ ಸಾಕು. ಫಿಲ್ಟರ್ ನಿಲ್ಲಿಸಿ, ನೀರು ಅಲುಗದಂತಾದ ಮೇಲೆ, ಸೂಜಿಯಿಲ್ಲದ ಸಿರಿಂಜಿನ ತುದಿಯನ್ನು ಕುಚ್ಚಿನ ಹತ್ತಿರಕ್ಕೆ ಒಯ್ದು ಹನಿಹನಿಯಾಗಿ ಬಿಡಬೇಕು. ಕುಚ್ಚಿನ ತುಂಬ ಸಣ್ಣ ಗುಳ್ಳೆಗಳು ಏಳುತ್ತವೆ. ಐದರಿಂದ ಹತ್ತು ನಿಮಿಷದ ಬಳಿಕ ಫಿಲ್ಟರ್ ಮತ್ತೆ ಶುರುಮಾಡಬೇಕು. ಒಂದು ದಿನಕ್ಕೆ ಒಟ್ಟಾರೆ 4 ಲೀಟರ್ ನೀರಿಗೆ 1 ಮಿಲಿಲೀಟರ್ ಮೀರದಂತೆ ನೋಡಿಕೊಳ್ಳಬೇಕು. ಎರಡು ನಾಲ್ಕು ದಿನಗಳಲ್ಲಿ ಕಪ್ಪು ಬಣ್ಣ ಹೋಗಿ ಕುಚ್ಚು ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದು ಸತ್ತಿದೆ ಎಂದು ಅರ್ಥ. ಹಸಿರು ವರ್ಣಕ ನಾಶವಾದ ಮೇಲೆ ಒಳಗಿದ್ದ ಕೆಂಪು ವರ್ಣಕ ಹೊರಗೆ ಕಾಣುತ್ತದೆ. ಬದುಕಿರುವಾಗ ಮೂಸಿಯೂ ನೋಡದ ಸೀಗಡಿಗಳು ಆಗ ಅದನ್ನು ಮುತ್ತಿಕೊಂಡು ತಿನ್ನುತ್ತವೆ. ಹಾವಸೆ ಗಿಡಗಳಿಗೆ ಪೆರಾಕ್ಸೈಡ್ ತಾಗದಂತೆ ಎಚ್ಚರ ವಹಿಸಬೇಕು. ದ್ರವರೂಪದ ಇಂಗಾಲ ಎಂದು ಮಾರುವ ಗ್ಲುಟರಾಲ್ಡಿಹೈಡ್ ದ್ರಾವಣವನ್ನೂ ಇದೇ ಕೆಲಸಕ್ಕೆ ಬಳಸುತ್ತಾರೆ. ಅದು ವ್ಯಾಲಿಸ್ನೇರಿಯಾವನ್ನು ಕರಗಿಸಬಲ್ಲದು, ಕೈಗೂ ಕಣ್ಣಿಗೂ ಒಳ್ಳೆಯದಲ್ಲ, ಕೈಗವಸು ಬೇಕು. ಪೂರ್ತಿ ಮುತ್ತಿದ ಎಲೆಯನ್ನು ಉಳಿಸಲು ಹೋಗದೆ ಕತ್ತರಿಸುವುದೇ ಸರಿ.

ಪಾಚಿ ನಿವಾರಕ ಎಂದು ಮಾರುವ ಬಾಟಲಿಗಳಲ್ಲಿ ಕೆಲವಕ್ಕೆ ತಾಮ್ರ ಸೇರಿರುತ್ತದೆ. ತಾಮ್ರ ಸೀಗಡಿಗೂ ಬಸವನಹುಳುವಿಗೂ ಮಾರಕ. ಅವಿರುವ ತೊಟ್ಟಿಗೆ ಲೇಬಲ್ ಓದದೆ ಏನನ್ನೂ ಹಾಕಬಾರದು.

ಪಾಚಿ ತಿನ್ನುವ ಜೀವಿಗಳು

ಜಪಾನಿನ ಅಕ್ವೇರಿಯಂ ವಿನ್ಯಾಸಕ ತಕಾಶಿ ಅಮಾನೊ ಗಿಡಗಳ ತೊಟ್ಟಿಗೆ ಪರಿಚಯಿಸಿದ, ಈಗ ಅವರ ಹೆಸರಿನಲ್ಲೇ ಕರೆಯುವ ಅಮಾನೊ ಸೀಗಡಿ ಎಳೆ ಪಾಚಿಗೆ ಅತ್ಯುತ್ತಮ. ಓಟೊಸಿಂಕ್ಲಸ್ ಎಂಬ ಪುಟ್ಟ ಮೀನು ಡಯಾಟಮ್ ಲೇಪವನ್ನು ತಿನ್ನುತ್ತದೆ. ಆದರೆ ಹೊಸ ತೊಟ್ಟಿಗೆ ಬಿಟ್ಟರೆ ಹಸಿವಿನಿಂದ ಸಾಯುವುದು ಸಾಮಾನ್ಯ, ಎರಡು ಮೂರು ತಿಂಗಳು ಹಳತಾದ ತೊಟ್ಟಿಗೆ ಗುಂಪಾಗಿಯೇ ಬಿಡಬೇಕು. ನೆರೈಟ್ ಬಸವನಹುಳು ಗಾಜಿನ ಚುಕ್ಕೆಯನ್ನೂ ಕೆರೆದು ತಿನ್ನುತ್ತದೆ, ಸಿಹಿನೀರಿನಲ್ಲಿ ಮರಿ ಮಾಡದು. ಕಲ್ಲು, ಮರದ ಮೇಲೆಲ್ಲ ಬಿಳಿ ಎಳ್ಳಿನಂತಹ ಮೊಟ್ಟೆ ಅಂಟಿಸುವುದೊಂದೇ ಅದರ ಮೇಲಿನ ದೂರು. ಇವೆಲ್ಲ ಉಳಿದ ಪಾಚಿಯನ್ನು ಚೊಕ್ಕಟ ಮಾಡುವವೇ ಹೊರತು ಹಾಳಾದ ತೊಟ್ಟಿಯನ್ನು ರಿಪೇರಿ ಮಾಡುವವಲ್ಲ.

ಒಂದು ವಾರ ಊರಿಗೆ ಹೋಗುವಾಗ

ಹೊರಡುವ ಒಂದೆರಡು ದಿನ ಮೊದಲೇ ನೀರು ಬದಲಾಯಿಸಬೇಕು, ಹೊರಡುವ ದಿನವೇ ಅಲ್ಲ. ಏನಾದರೂ ಎಡವಟ್ಟಾದರೆ ಸರಿಪಡಿಸಲು ಸಮಯ ಉಳಿಯುತ್ತದೆ. ಬೆಳಕನ್ನು 5 ಅಥವಾ 6 ಗಂಟೆಗೆ ಇಳಿಸಬೇಕು. ಸಿಲಿಂಡರ್ ಮುಗಿಯುವ ಹಂತದಲ್ಲಿದ್ದರೆ ಬದಲಾಯಿಸಿ ಹೋಗಬೇಕು, ಏಕೆಂದರೆ ಕೆಲವು ರೆಗ್ಯುಲೇಟರ್‌ಗಳಲ್ಲಿ ಒತ್ತಡ ಇಳಿದಾಗ ಉಳಿದ ಅನಿಲವೆಲ್ಲ ಒಮ್ಮೆಗೇ ನುಗ್ಗುವುದುಂಟು. ಆರೋಗ್ಯವಾಗಿರುವ ದೊಡ್ಡ ಮೀನುಗಳು ಒಂದು ವಾರ ಆಹಾರವಿಲ್ಲದೆ ಇರಬಲ್ಲವು. ಆಹಾರ ಹಾಕಲು ಯಾರಿಗಾದರೂ ಹೇಳಲೇಬೇಕಾದರೆ ಒಂದೊಂದು ದಿನದ್ದನ್ನು ಬೇರೆ ಬೇರೆ ಪೊಟ್ಟಣ ಕಟ್ಟಿಟ್ಟು, ಆಹಾರದ ಡಬ್ಬಿಯನ್ನು ಅವರ ಕಣ್ಣಿಗೆ ಬೀಳದ ಕಡೆ ಎತ್ತಿಡಬೇಕು.